ಬಾಡಿಗೆ ಮನೆ: ಕಟ್ಟುವ ಮೊದಲೇ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಬೆಳಗಾವಿಯಲ್ಲಿ ಬಾಡಿಗೆಗೆಂದೇ ಮನೆ ಕಟ್ಟುವವರು ಹೆಚ್ಚುತ್ತಿದ್ದಾರೆ. ಬಹಳಷ್ಟು ಮಂದಿ ತಿಂಗಳ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ ಲೆಕ್ಕ ಮುಗಿಸುತ್ತಾರೆ. 60 ಲಕ್ಷ ಹಾಕಿದ ಮನೆಗೆ ತಿಂಗಳಿಗೆ 15,000 ಬಂದರೆ ವರ್ಷಕ್ಕೆ 1.80 ಲಕ್ಷ, ಅಂದರೆ ಶೇ 3. ಒಂದು ತಿಂಗಳು ಖಾಲಿ ಬಿದ್ದು, ಕರ, ಸುಣ್ಣಬಣ್ಣ, ನಳದ ರಿಪೇರಿಗೆ 25,000 ಹೋದರೆ ಉಳಿಯುವುದು 1.40 ಲಕ್ಷ, ಶೇ 2.3. ಶೇ 8ರ ಬಡ್ಡಿಯ ಸಾಲ ತಂದವರು ಕಂತಿಗೆ ಕೈಯಿಂದಲೇ ಹಣ ತುಂಬಬೇಕು.

ಇಲ್ಲಿನ ಮಳೆಯನ್ನಂತೂ ಮರೆಯಲೇಬಾರದು. ಮಾಳಿಗೆಯ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯ ಸೀಳಿನಿಂದ ಒಳಗಿಳಿಯುತ್ತದೆ. ಕೆಳಗಿನ ಕೋಣೆಯಲ್ಲಿ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಒಳಗೆ ಎಷ್ಟು ಪುಟ್ಟಿ ಬಳಿದರೂ ದುಡ್ಡು ದಂಡ. ಮೇ ತಿಂಗಳಲ್ಲೇ ಆ ಮೂಲೆಯನ್ನು ಸಿಮೆಂಟಿನಿಂದ ದುಂಡಗೆ ತುಂಬಿ, ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆಸಬೇಕು.

ಕರಾರುಪತ್ರ 11 ತಿಂಗಳಿಗೆ ಬರೆಸುವುದು ರೂಢಿ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಆದರೆ ಜಗಳ ಏಳುವುದು ಡಿಪಾಜಿಟ್ ಮರಳಿಸುವಾಗ. ಪ್ರತಿ ಮನೆಗೂ ಪ್ರತ್ಯೇಕ ಲೈಟ್ ಮೀಟರ್ ಇರಲಿ. ಕೀಲಿ ಕೊಡುವ ದಿನವೇ ಮೀಟರ್ ರೀಡಿಂಗ್, ಫ್ಯಾನು, ನಳ, ಬಾಗಿಲುಗಳ ಸ್ಥಿತಿ ಬರೆದು, ಫೋಟೊ ತೆಗೆದು ಇಬ್ಬರೂ ಸಹಿ ಹಾಕಲಿ. ಸಹಜವಾಗಿ ಮಾಸಿದ ಬಣ್ಣಕ್ಕೆ ಬಾಡಿಗೆದಾರರ ಡಿಪಾಜಿಟ್ ಮುರಿದುಕೊಳ್ಳುವುದು ಅನ್ಯಾಯ. ಏನು ಮುರಿದುಕೊಂಡರೂ ಬಿಲ್ಲು ತೋರಿಸಲಿ.

– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ