ಠಾಣೆಯಿಂದ ಹೊರಡುವಾಗ ಕೈಯಲ್ಲೊಂದು ನಂಬರು ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪೊಲೀಸ್ ಠಾಣೆಗೆ ಹೋಗಿ ಬಂದವರನ್ನು ‘ಏನಾಯ್ತು?’ ಎಂದು ಕೇಳಿದರೆ ‘ಕಂಪ್ಲೇಂಟ್ ಕೊಟ್ಟಾಯ್ತು’ ಎನ್ನುತ್ತಾರೆ. ಅದು ಯಾವ ಪುಸ್ತಕಕ್ಕೆ ಏರಿತು, ಯಾವ ನಂಬರು ಬಿತ್ತು ಎಂದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ. ತಿಂಗಳುಗಳ ನಂತರ ವಿಮಾ ಕಂಪನಿಯೋ ಬ್ಯಾಂಕೋ ಕಾಗದ ಕೇಳಿದಾಗಲಷ್ಟೇ, ಕೊಟ್ಟ ಅರ್ಜಿ ಎಫ್‌ಐಆರ್ ಆಗಿರಲೇ ಇಲ್ಲವೆಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತದೆ, ಸಾಕ್ಷಿ ಹೇಳಬೇಕಾದವರು ಊರು ಬಿಟ್ಟಿರುತ್ತಾರೆ. ಜನ ಪದೇ ಪದೇ ಕೇಳುವ ಕೆಲವು ಪ್ರಶ್ನೆಗಳಿಗೆ ಉತ್ತರವನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಬೇಕೆಂದು ಈ ಪತ್ರ.

ಠಾಣೆಗೆ ಕೊಟ್ಟ ದೂರು ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ಕಳ್ಳತನ, ದರೋಡೆ, ಆಯುಧದಿಂದ ಹಲ್ಲೆ, ಮೋಸದಿಂದ ಹಣ ಕೀಳುವುದು, ರಸ್ತೆ ಅಪಘಾತದ ಸಾವು ನೋವು, ಇಂಥವೆಲ್ಲ ಎಫ್‌ಐಆರ್ ಆಗಬೇಕಾದವು. ಇಂಥ ಅಪರಾಧದ ಮಾಹಿತಿ ಬಂದರೆ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದಕ್ಕೊಂದು ಸಣ್ಣ ತಡೆ ಸೇರಿಸಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು. ಆದರೆ ಅದು 14 ದಿನದಲ್ಲಿ ಮುಗಿಯಬೇಕು. ‘ವಿಚಾರಣೆ ನಡೀತಿದೆ’ ಎಂದು ಕಳಿಸಿದರೆ, ಯಾವ ತಾರೀಕಿನಿಂದ ನಡೆಯುತ್ತಿದೆ ಎಂದು ಸ್ವೀಕೃತಿಯ ಮೇಲೆ ಬರೆಸಿಕೊಳ್ಳಿ. ದಿನ ಎಣಿಸಲು ಅದೊಂದೇ ಆಧಾರ.

ಎರಡನೆಯದು ಎನ್‌ಸಿ, ಅಂದರೆ ಪೊಲೀಸರು ತಾವಾಗಿ ಕೈಹಾಕಲಾಗದ ಅಸಂಜ್ಞೇಯ ಅಪರಾಧ. ಬೈಗುಳ, ಕೈಯಿಂದ ಹೊಡೆದ ಸಣ್ಣ ಪೆಟ್ಟು ಇತ್ಯಾದಿ. ಇವುಗಳಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವ ಅಧಿಕಾರ ಪೊಲೀಸರಿಗೇ ಇಲ್ಲ. ಎನ್‌ಸಿ ನಂಬರು ಪಡೆದು ಮ್ಯಾಜಿಸ್ಟ್ರೇಟರ (ಜೆಎಂಎಫ್‌ಸಿ) ನ್ಯಾಯಾಲಯಕ್ಕೆ ಹೋಗಬಹುದು. ಠಾಣೆಯವರೇ ನ್ಯಾಯಾಲಯದ ಅನುಮತಿ ತಂದು ಎಫ್‌ಐಆರ್ ಮಾಡುವುದೂ ಉಂಟು.

ಜನ ಹೆಚ್ಚು ಕಳೆದುಕೊಳ್ಳುವುದು ಮೂರನೆಯದರಲ್ಲಿ, ಅಂದರೆ ಪಿಟಿಷನ್ ವಿಚಾರಣೆಯಲ್ಲಿ. ಸಾಲದ ಹಣ, ಜಾಗದ ತಂಟೆ, ಅಣ್ಣ ತಮ್ಮಂದಿರ ಮನಸ್ತಾಪ, ಇವುಗಳ ಅರ್ಜಿ ಬಂದರೆ ಇಬ್ಬರನ್ನೂ ಕರೆದು ಮಾತಾಡಿಸಿ, ಮುಚ್ಚಳಿಕೆ ಬರೆಸಿ, ‘ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ’ ಎಂಬ ಹಿಂಬರಹದೊಂದಿಗೆ ಮುಗಿಸುತ್ತಾರೆ. ನಿಜವಾಗಿ ಸಿವಿಲ್ ವ್ಯಾಜ್ಯವಾದರೆ ಇದು ಸರಿಯೇ. ಬೇಣದ (ಹುಲ್ಲುಗಾವಲಿನ) ಗಡಿ, ತೋಟದ ದಾರಿ, ಅಗಳದ (ಕಂದಕದ) ಜಾಗ ಯಾರದ್ದೆಂದು ಪಿಎಸ್‌ಐ ತೀರ್ಮಾನಿಸುವಂತಿಲ್ಲ. ಅದು ಸರ್ವೆ ಇಲಾಖೆ ಮತ್ತು ಸಿವಿಲ್ ಕೋರ್ಟಿನ ಕೆಲಸ. ಅದೇ ಗಡಿಯಲ್ಲಿ ಕತ್ತಿ ಬೀಸಿದರೆ, ಬೇಲಿ ಕಿತ್ತು ಕಾಯಿ ಕೊಯ್ದೊಯ್ದರೆ ಅದು ಪಿಟಿಷನ್ ಅಲ್ಲ. ಆದ್ದರಿಂದ ಅರ್ಜಿಯನ್ನು ಮೂರು ತಲೆಮಾರಿನ ಜಮೀನಿನ ಕಥೆಯಿಂದ ಶುರುಮಾಡಬೇಡಿ. ಮೊದಲ ಸಾಲಿನಲ್ಲೇ ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಸರ್ವೆ ನಂಬರಿನಲ್ಲಿ, ಇಂಥವರು ಹೀಗೆ ಮಾಡಿದರು, ಕಂಡವರು ಇವರು ಎಂದು ಬರೆಯಿರಿ. ಹಳೇ ಕಥೆ ಮುಂದೆ ಬಂದರೆ ಓದುವವರು ‘ಸಿವಿಲ್’ ಎಂದು ಬದಿಗಿಡುವುದು ಸುಲಭವಾಗುತ್ತದೆ.

ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಸಾಕು. ಠಾಣೆಯವರು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು. ಕಾರವಾರ ಕಡೆಯ ಹಿರಿಯರಿಗೆ ಕನ್ನಡದ ಕಚೇರಿ ಭಾಷೆ ಪೂರ್ತಿ ಅರ್ಥವಾಗದಿದ್ದರೆ ಕೊಂಕಣಿಯಲ್ಲಿ ಹೇಳಿಸಿಕೊಂಡೇ ಹೆಬ್ಬೆಟ್ಟು ಒತ್ತಲಿ. ಎಫ್‌ಐಆರ್ ಪ್ರತಿ ಆಗಲೇ, ಬಿಡಿಕಾಸಿಲ್ಲದೆ ಸಿಗಬೇಕು. ದೂರುದಾರ ಬೇರೆ, ನೊಂದವರು ಬೇರೆಯಾದರೆ ನೊಂದವರಿಗೂ ಆ ಹಕ್ಕಿದೆ. ಎಫ್‌ಐಆರನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಆದೇಶಿಸಿದೆ, ನೆಟ್‌ವರ್ಕ್ ತೊಡಕಿರುವ ಕಡೆ 72 ಗಂಟೆವರೆಗೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳು ಮಾತ್ರ ಅಲ್ಲಿ ಕಾಣುವುದಿಲ್ಲ.

ಅಡಿಕೆ ಕಳ್ಳತನದ ಬಗ್ಗೆ ಬೇರೆಯಾಗಿ ಹೇಳಬೇಕು. ಘಟ್ಟದ ಮೇಲಿನವರು ‘ಎರಡು ಚೀಲ ಹೋಯ್ತು’ ಎಂದಷ್ಟೇ ಬರೆಯುತ್ತಾರೆ. ಹೊಸ ದಂಡ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನು ಮರಳಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ, ಮತ್ತು ಆ ಬಗೆಯ ಕಳವನ್ನು ಎನ್‌ಸಿ ಪಟ್ಟಿಗೆ ಹಾಕಿದ್ದಾರೆ. ಹಾಗಾಗಿ ಬೆಲೆ ಬರೆಯದ ದೂರು ಎನ್‌ಸಿ ಕಡೆ ಜಾರಿಬಿಡಬಹುದು. ಚಾಲಿಯೋ, ಕೆಂಪಡಿಕೆಯೋ, ಹಸಿ ಕೊನೆಯೋ, ಎಷ್ಟು ಕಿಲೋ, ಚೀಲದ ಮೇಲೆ ಗುರುತೇನಿತ್ತು, ಇವನ್ನು ಬರೆದು, ಆ ವಾರದ ಸೊಸೈಟಿ ದರ ಹಾಕಿ ಮೊತ್ತ ತೋರಿಸಿ. ಬೆಲೆಯನ್ನು ಹಿಗ್ಗಿಸಿಯೂ ಬರೆಯಬೇಡಿ. ತೂಕಕ್ಕೂ ಮೊತ್ತಕ್ಕೂ ತಾಳೆಯಾಗದಿದ್ದರೆ ಕೋರ್ಟಿನಲ್ಲಿ ಮೊದಲು ಬೀಳುವುದು ಆ ದೂರೇ. ಕಳವಾದ ಜಾಗವನ್ನು ಸ್ಥಳ ಮಹಜರು (ಪೊಲೀಸರು ಜಾಗ ನೋಡಿ ಬರೆಯುವ ವರದಿ) ಆಗುವವರೆಗೆ ಗುಡಿಸಬಾರದು, ಮುರಿದ ಬೀಗ ಮುಟ್ಟಬಾರದು.

‘ನಮ್ಮ ಹದ್ದಲ್ಲ’ ಎಂಬ ಮಾತು ಈಗ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಅದು ಶೂನ್ಯ ನಂಬರಿನ ಎಫ್‌ಐಆರ್ ಆಗಿ ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಉತ್ತರ ಕನ್ನಡಕ್ಕೆ ಇದು ಇತರ ಜಿಲ್ಲೆಗಳಿಗಿಂತ ಹೆಚ್ಚು ಬೇಕಾದ ಸಂಗತಿ. ಹೆದ್ದಾರಿ 66ರಲ್ಲೋ ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಅಪಘಾತವಾಗಿ ದೊಡ್ಡ ಪೆಟ್ಟಾದರೆ ಗಾಯಾಳುವನ್ನು ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ ಇಲ್ಲವೇ ಗೋವಾದ ಬಾಂಬೋಳಿಗೆ ಒಯ್ಯಬೇಕಾದ ಸ್ಥಿತಿ ನಮ್ಮದು. ಅಲ್ಲಿನ ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಮಾಡಿ ಅಲ್ಲಿನ ಠಾಣೆಗೆ ತಿಳಿಸುತ್ತದೆ. ಅಲ್ಲಿಂದ ಅಂಕೋಲಾಕ್ಕೋ ಹೊನ್ನಾವರಕ್ಕೋ ಕಾಗದ ಬರಬೇಕು. ಮನೆಯವರು ‘ಆಸ್ಪತ್ರೆಯವರೇ ಪೊಲೀಸರಿಗೆ ಹೇಳಿದ್ದಾರೆ’ ಎಂದು ನೆಚ್ಚಿ ಕೂತರೆ ಈ ನಡುವೆ ದಿನಗಳು ಸರಿಯುತ್ತವೆ. ತಡವಾದ ದೂರನ್ನು ವಿಮಾ ಕಂಪನಿಯ ವಕೀಲರು ಅನುಮಾನದ ಕಣ್ಣಿನಿಂದಲೇ ನೋಡುತ್ತಾರೆ.

ಮಾಡಬೇಕಾದದ್ದು ಇಷ್ಟು: ಒಬ್ಬರು ಆಸ್ಪತ್ರೆಯಲ್ಲಿರಲಿ, ಇನ್ನೊಬ್ಬರು ಅಪಘಾತ ನಡೆದ ಊರಿನ ಠಾಣೆಗೆ ಅದೇ ದಿನ ಹೋಗಲಿ. ಕಂಡವರು ಯಾರೇ ಆದರೂ ದೂರು ಕೊಡಬಹುದು. ಗಾಯಾಳುವಿನ ಸಹಿಗಾಗಿ ಕಾಯಬೇಕಿಲ್ಲ, ಅವರ ಹೇಳಿಕೆಯನ್ನು ಪೊಲೀಸರು ಆಸ್ಪತ್ರೆಗೇ ಹೋಗಿ ಪಡೆಯುತ್ತಾರೆ. ಎಂಎಲ್‌ಸಿ ನಂಬರು, ವಾಹನದ ನಂಬರು, ಹತ್ತಿರದ ಕಿಲೋಮೀಟರು ಕಲ್ಲಿನ ಸಂಖ್ಯೆ ಬರೆದಿಡಿ. ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಹಾಕಿದೆ ಎಂಬುದೂ ನೆನಪಿರಲಿ. ಢಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಯ ಸರ್ಕಾರಿ ಪರಿಹಾರವಿದೆ. ಅದಕ್ಕೂ ಎಫ್‌ಐಆರ್ ಪ್ರತಿಯೇ ಮೂಲ. ಇನ್ನು, ಗಾಯಾಳುವನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ವಿಳಾಸ ಹೇಳೆಂದು ಒತ್ತಾಯಿಸುವಂತಿಲ್ಲ. ಈ ಹೆದರಿಕೆಯಿಂದ ಗಾಡಿ ನಿಲ್ಲಿಸದೆ ಹೋಗುವವರು ಇದನ್ನು ದಯವಿಟ್ಟು ಓದಬೇಕು.

ಆನ್‌ಲೈನ್‌ನಲ್ಲಿ ಹಣ ಹೋದರೆ ಮೊದಲು ಠಾಣೆಗೆ ಓಡಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ಹಣ ಕಳ್ಳರ ಒಂದು ಖಾತೆಯಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ದಾಟುತ್ತದೆ. ನಡುವೆ ಎಲ್ಲಾದರೂ ತಡೆಹಿಡಿದರಷ್ಟೇ ಮರಳುವ ಆಸೆ. ಫೋನು ಹಚ್ಚುವ ಮೊದಲು ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ, ಹೊತ್ತು, ಆ ವಹಿವಾಟನ್ನು ಗುರುತಿಸುವ ಯುಟಿಆರ್ ಸಂಖ್ಯೆ ಎದುರಿಗಿರಲಿ. ಯುಪಿಐ ಆದರೆ ಅದು 12 ಅಂಕಿಯದು. ಒಂದು ಅಂಕಿ ತಪ್ಪಿದರೂ ಹಣದ ಜಾಡು ಸಿಗುವುದಿಲ್ಲ. ಬಂದ ಸ್ವೀಕೃತಿ ಸಂಖ್ಯೆಯೊಂದಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ವಿವರ ಪೂರ್ತಿಮಾಡಿ, ಆಮೇಲೆ ನಿಮ್ಮ ಠಾಣೆಗೋ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೋ ಹೋಗಿ ಎಫ್‌ಐಆರ್ ಮಾಡಿಸಿ. ತಡೆಹಿಡಿದ ಹಣ ತಾನಾಗಿ ಖಾತೆಗೆ ಬರುತ್ತದೆಂದು ಕಾಯಬೇಡಿ, ಬಿಡಿಸಲು ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ವಿಡಿಯೋ ಕಾಲಿನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವ ವ್ಯವಸ್ಥೆ ಯಾವ ಕಾನೂನಿನಲ್ಲೂ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದು ಊರಿನಲ್ಲಿ ಇಬ್ಬರೇ ಇರುವ ಹಿರಿಯರಿಗೆ ಈ ಒಂದು ಮಾತನ್ನು ಫೋನು ಮಾಡಿದಾಗಲೆಲ್ಲ ಹೇಳಿ.

ಮೊಬೈಲ್ ಕಳೆದರೆ ದೂರು ಕೊಟ್ಟು ಸುಮ್ಮನಾಗುವುದು ಸಾಲದು. ಅದೇ ನಂಬರಿನ ಹೊಸ ಸಿಮ್ ಮೊದಲು ತೆಗೆಸಿ, ಏಕೆಂದರೆ ಕಳೆದ ಮೊಬೈಲುಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಿಇಐಆರ್ ಪೋರ್ಟಲಿನಲ್ಲಿ ಫೋನು ಬ್ಲಾಕ್ ಮಾಡಲು ಒಟಿಪಿ ಬೇಕು. ದೂರಿನ ಪ್ರತಿ ಮತ್ತು ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆಯೂ ಬೇಕು. ಅದು ಫೋನಿನ ಪೆಟ್ಟಿಗೆ ಮತ್ತು ಬಿಲ್ಲಿನ ಮೇಲಿರುತ್ತದೆ. ಬಸ್ಸಿನಲ್ಲಿ ಕಿಸೆಯಿಂದ ಎಗರಿಸಿದ್ದನ್ನು ‘ಕಳೆದುಹೋಗಿದೆ’ ಎಂದು ಬರೆಸಬೇಡಿ. ಕಳೆದದ್ದಕ್ಕೆ ಸಿಗುವುದು ಸ್ವೀಕೃತಿ ಮಾತ್ರ, ಕಳುವಿಗೆ ಎಫ್‌ಐಆರ್.

ಮನೆಯವರು ಕಾಣೆಯಾದರೆ 24 ಗಂಟೆ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. ಮಗುವಾದರೆ ಆ ಕ್ಷಣವೇ ಹೋಗಿ. ಸಮುದ್ರದ ತೊಂದರೆಗೆ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554. ದೋಣಿಯ ಹೆಸರು, ನೋಂದಣಿ ಸಂಖ್ಯೆ, ಎಷ್ಟು ಜನ, ಯಾವ ಬಂದರಿನಿಂದ ಎಷ್ಟು ಹೊತ್ತಿಗೆ ಹೊರಟಿತು, ಕೊನೆಯ ಜಿಪಿಎಸ್ ಪಾಯಿಂಟ್ ಯಾವುದು, ಇವನ್ನು ಬರೆದ ಚೀಟಿ ದಡದಲ್ಲಿರುವ ಮನೆಯಲ್ಲೂ ಇರಬೇಕು. ಮುಳುಗಿ ಸತ್ತರೆ, ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು ಸತ್ತರೆ ‘ಯಾರ ಮೇಲೂ ಸಂಶಯವಿಲ್ಲ’ ಎಂದು ದೂರು ಕೊಡದೆ ಸಂಸ್ಕಾರ ಮಾಡಿಬಿಡುವವರಿದ್ದಾರೆ. ಯುಡಿಆರ್ (ಅಸ್ವಾಭಾವಿಕ ಸಾವಿನ ದಾಖಲೆ), ಶವ ಮಹಜರು, ಮರಣೋತ್ತರ ವರದಿ ಈ ಮೂರೂ ಇಲ್ಲದೆ ಅಪಘಾತ ವಿಮೆಯಾಗಲಿ ಸರ್ಕಾರದ ಪರಿಹಾರವಾಗಲಿ ಕೈಸೇರುವುದು ಬಹಳ ಕಷ್ಟ. ದುಃಖದಲ್ಲಿದ್ದವರಿಗೆ ಇದು ಹೊಳೆಯುವುದಿಲ್ಲ, ನೆರೆಮನೆಯವರು ಹೇಳಬೇಕು.

ಸಾಕ್ಷಿಯಾಗಿ ಠಾಣೆಗೆ ಬರಲು ಹೇಳಿದರೆ ಹೆದರುವ ಹಿರಿಯರು ಬಹಳ. ಹೆಂಗಸರು, 60 ದಾಟಿದವರು, 15ರ ಒಳಗಿನ ಹುಡುಗರು, ಅಂಗವಿಕಲರು, ತೀವ್ರ ಕಾಯಿಲೆಯವರು ಇವರನ್ನು ಮನೆಯಿಂದ ಕರೆಸುವಂತಿಲ್ಲ. ಅವರು ತಾವಾಗಿ ಬರಲೊಪ್ಪಿದರೆ ಮಾತ್ರ ಬರಬಹುದು. ಉಳಿದವರಿಗೂ ಬರಹದ ನೋಟಿಸು ಬೇಕು.

ದೂರು ತೆಗೆದುಕೊಳ್ಳದಿದ್ದರೆ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಅದೇ ದೂರನ್ನು ಕಾರವಾರದ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಆ ಪ್ರತಿ, ರಸೀದಿ ಮತ್ತು ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಎಸ್‌ಪಿಗೆ ಬರೆಯದೆ ನೇರ ಕೋರ್ಟಿಗೆ ಹೋದವರ ಅರ್ಜಿ ಇದೇ ಕಾರಣಕ್ಕೆ ಬಿದ್ದುಹೋಗುತ್ತದೆ. ಎಫ್‌ಐಆರ್ ಆಗಿದ್ದರೆ, ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸುವುದು ತನಿಖಾಧಿಕಾರಿಯ ಹೊಣೆ. ಅವರು ಮರೆತರೆ ಅಪರಾಧ ಸಂಖ್ಯೆ ಹಾಕಿ ಒಂದು ಸಾಲಿನ ಅರ್ಜಿ ಕೊಟ್ಟು ಕೇಳಿ.

ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ಒಂದು ಬೇಡಿಕೆ. ಪ್ರತಿ ಠಾಣೆಯ ಬಾಗಿಲಲ್ಲಿ, ಸೆಂಟ್ರಿ ನಿಲ್ಲುವ ಜಾಗದ ಪಕ್ಕ, ಕನ್ನಡದಲ್ಲೂ ಕನ್ನಡ ಲಿಪಿಯ ಕೊಂಕಣಿಯಲ್ಲೂ ಒಂದು ಫಲಕ ಹಾಕಿಸಿ. ‘ನಿಮ್ಮ ದೂರು ಎಫ್‌ಐಆರ್, ಎನ್‌ಸಿ, ಪಿಟಿಷನ್ ಇವುಗಳಲ್ಲಿ ಯಾವುದು? ನಂಬರು ಎಷ್ಟು? ವಿಚಾರಣೆ ಅಧಿಕಾರಿ ಯಾರು? ಬರೆಸಿಕೊಂಡು ಹೋಗಿ’ ಎಂದು ಅದರಲ್ಲಿರಲಿ. ಕೆಳಗೆ 112, 1930, 1093 ದಪ್ಪ ಅಕ್ಷರದಲ್ಲಿರಲಿ. ಪಿಟಿಷನ್‌ಗೂ ಮುದ್ರೆಯೊತ್ತಿದ ಸ್ವೀಕೃತಿ ಕೊಡುವುದನ್ನು ಎಲ್ಲ ಠಾಣೆಗಳಲ್ಲೂ ಕಡ್ಡಾಯ ಮಾಡಿ, ಜೋಯಿಡಾದಂಥ ದೂರದ ತಾಲೂಕಿನಿಂದಲೇ ಶುರುಮಾಡಿ. ಅಲ್ಲಿ ಒಂದು ಸಲ ಠಾಣೆಗೆ ಬಂದುಹೋಗಲು ಜನರಿಗೆ ಒಂದು ದಿನದ ಕೂಲಿ ಹೋಗುತ್ತದೆ.

– ನಿವೃತ್ತ ಠಾಣಾ ಬರಹಗಾರ, ಕುಮಟಾ