ಹಳೆ ನೆರೆಯ ಲೆಕ್ಕ: ಭಾನುವಾರದೊಳಗೆ ಕಳಿಸಿ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಳ್ಳ ಯಾವ ವರ್ಷ ಎಲ್ಲಿವರೆಗೆ ಬಂದಿತ್ತು, ಎಲ್ಲಿ ಧರೆ ಕುಸಿದಿತ್ತು ಅಂತ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದೇವೆ. 2019ರ ಆಗಸ್ಟ್‌ನ ಆಶ್ಲೇಷ ಮಳೆ ಯಾರೂ ಮರೆತಿಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಮನೆ, ತೋಟ ಹೋದವು. ಆದರೆ ಅದಕ್ಕೂ ಹಿಂದಿನದು ಹಿರಿಯರ ತಲೆಯಲ್ಲಷ್ಟೇ ಇದೆ, ಕೇಳಿ ಬರೆದುಕೊಳ್ಳಿ. ‘ತುಂಬಾ ಬಂದಿತ್ತು’ ಅಂದರೆ ಸಾಲದು. ಯಾವ ಮೆಟ್ಟಿಲು, ಯಾವ ಮರದ ಬುಡ, ಎಷ್ಟು ಹೊತ್ತು ನಿಂತಿತ್ತು, ಅದು ಬೇಕು.

ಎಸ್ಟೇಟ್‌ನವರು ಮಳೆ ಲೆಕ್ಕದ ಹಳೆ ಪುಸ್ತಕದ ಫೋಟೋ ಹಾಕಿ. ಇಂಚಿನಲ್ಲಿದ್ದರೂ ಪರವಾಗಿಲ್ಲ, ಒಂದಿಂಚು ಅಂದರೆ 25.4 ಮಿ.ಮೀ. ದಿನಕ್ಕೆ 204.4 ಮಿ.ಮೀ., ಅಂದರೆ ಸುಮಾರು ಎಂಟಿಂಚು, ದಾಟಿದರೆ ಹವಾಮಾನ ಇಲಾಖೆ ಲೆಕ್ಕದಲ್ಲಿ ಅದು ಅತ್ಯಂತ ಭಾರಿ ಮಳೆ. ಕಳಸದ ಹತ್ತಿರದ ಹೆಬ್ಬಾಳೆ ಸೇತುವೆ ಮುಳುಗುವುದು ಟಿವಿಯಲ್ಲಿ ಬರುತ್ತದೆ, ನಮ್ಮ ಮೋರಿ ಮುಳುಗಿದ್ದನ್ನು ನಾವೇ ಬರೆಯಬೇಕಲ್ಲ!

ಗುಡ್ಡ ಕಡಿದು ಮನೆ ಕಟ್ಟಿದವರು, ಹಿತ್ತಲಲ್ಲಿ ಹೊಸ ಬಿರುಕು ಕಂಡರೆ, ಒಸರುವ ಜಲ ಇದ್ದಕ್ಕಿದ್ದಂತೆ ಕೆಂಪಾದರೆ ಇಲ್ಲಿ ಮೆಸೇಜ್ ಹಾಕುತ್ತ ಕೂರಬೇಡಿ. ಮೊದಲು ಮನೆ ಬಿಡಿ, ಆಮೇಲೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ.

ಗುಡ್ ಮಾರ್ನಿಂಗ್ ಚಿತ್ರಗಳು ಭಾನುವಾರದವರೆಗೆ ಬೇಡ, ದಯವಿಟ್ಟು.