ಕುಪ್ಪಳಿಸಿದಷ್ಟೂ ಎತ್ತರ ಹೆಚ್ಚುವುದಿಲ್ಲ

ಮಾನ್ಯರೇ,

ಶಾಲಾ–ಕಾಲೇಜು ಕ್ರೀಡಾಕೂಟಗಳು ಹತ್ತಿರವಾದಂತೆ ವಾಲಿಬಾಲ್, ಕಬಡ್ಡಿ, ಕೊಕ್ಕೊ ತಂಡದ ಮಕ್ಕಳಿಂದ ಕಾಂಕ್ರೀಟ್ ಅಂಗಳದಲ್ಲಿ ಸುತ್ತುಗಟ್ಟಲೆ ಕಪ್ಪೆ ಜಿಗಿತ ಮಾಡಿಸುವುದು ಹಲವೆಡೆ ಕಾಣುತ್ತದೆ. ತಡವಾಗಿ ಬಂದವರಿಗೆ ಅದು ಶಿಕ್ಷೆ, ಉಳಿದವರಿಗೆ ಅದೇ ತರಬೇತಿ. ಈಗೀಗ ಇದನ್ನು ಪ್ಲೈಯೊಮೆಟ್ರಿಕ್ಸ್ ಎಂದೂ ಕರೆಯತೊಡಗಿದ್ದಾರೆ.

ಸೋವಿಯತ್ ತರಬೇತುದಾರ ಯೂರಿ ವೆರ್ಕೊಶಾನ್ಸ್ಕಿ 1960ರ ದಶಕದಲ್ಲಿ ರೂಪಿಸಿದ ‘ಆಘಾತ ವಿಧಾನ’ದಿಂದ ಬೆಳೆದ ಪದ್ಧತಿಯೇ ನಿಜವಾದ ಪ್ಲೈಯೊಮೆಟ್ರಿಕ್ಸ್: ಪೆಟ್ಟಿಗೆಯಿಂದ ಕೆಳಗಿಳಿದು, ಪಾದ ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಹಾರಬೇಕು. ಇಳಿಯುವಾಗ ಹಿಗ್ಗಿದ ಸ್ನಾಯು, ಸ್ನಾಯುರಜ್ಜುಗಳು ಆ ಶಕ್ತಿಯನ್ನು ಕ್ಷಣಕಾಲ ಹಿಡಿದಿಟ್ಟು ವಾಪಸು ಕೊಡುತ್ತವೆ. ನೆಲದ ಮೇಲೆ ತಡಮಾಡಿದರೆ ಅದು ಶಾಖವಾಗಿ ವ್ಯರ್ಥ. ಹಾಗಾಗಿ ವೇಗದ ಜಿಗಿತದಲ್ಲಿ ಪಾದ ನೆಲದಲ್ಲಿರಬೇಕಾದ್ದು 0.25 ಸೆಕೆಂಡಿಗಿಂತ ಕಡಿಮೆ. ಕುಕ್ಕರಗಾಲಲ್ಲಿ ಪೂರ್ತಿ ಕೂತು, ದಣಿದು ಏಳುವ ನೂರನೇ ಕಪ್ಪೆ ಜಿಗಿತದಲ್ಲಿ ಇದು ಆಗದ ಮಾತು.

ಅಳೆಯಲು ದುಬಾರಿ ಯಂತ್ರ ಬೇಡ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಮೊಬೈಲನ್ನು ನೆಲಮಟ್ಟದಲ್ಲಿಟ್ಟು ಸ್ಲೋ ಮೋಷನ್ ವಿಡಿಯೊ ಮಾಡಿ. ಪಾದ ನೆಲದಲ್ಲಿರುವ ಫ್ರೇಮ್‌ಗಳು 60 ದಾಟಿದರೆ ಜಿಗಿತ ನಿಧಾನವೆಂದೇ ಲೆಕ್ಕ. ಗಾಳಿಯಲ್ಲಿದ್ದ ಫ್ರೇಮ್‌ಗಳು 120 ಆದರೆ ಅರ್ಧ ಸೆಕೆಂಡ್, ಅಂದರೆ ಸುಮಾರು 31 ಸೆಂ.ಮೀ. ಎತ್ತರ. (ಮಂಡಿ ಮಡಚಿಕೊಂಡು ಇಳಿದರೆ ಎತ್ತರ ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಮಕ್ಕಳು ಈ ಉಪಾಯವನ್ನು ಬೇಗ ಕಲಿಯುತ್ತಾರೆ!)

ಹಾರುವ ಮೊದಲು ಇಳಿಯುವುದನ್ನು ಕಲಿಸಬೇಕು. ಮೊದಲ ಎರಡು ವಾರ 20 ಸೆಂ.ಮೀ. ಮೆಟ್ಟಿಲಿನಿಂದ ಇಳಿದು, ಸದ್ದಿಲ್ಲದೆ ನಿಂತು, ಎರಡು ಸೆಕೆಂಡ್ ಅಲುಗದಿರುವುದಷ್ಟೇ ಸಾಕು. ಎದುರಿನಿಂದ ನೋಡಿ: ಮಂಡಿ ಕಾಲ್ಬೆರಳುಗಳ ನೇರಕ್ಕಿರಬೇಕು, ಒಳಕ್ಕೆ ವಾಲಬಾರದು. ಹಾಗೆ ವಾಲುವ ಮಂಡಿಯಲ್ಲೇ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು) ಹರಿಯುವ ಅಪಾಯ ಹೆಚ್ಚು, ಹುಡುಗಿಯರಲ್ಲಂತೂ ಇನ್ನೂ ಹೆಚ್ಚು. ಇದು ಸರಿಹೋಗುವವರೆಗೆ ಮುಂದಿನ ಹಂತಕ್ಕೆ ಹೋಗಬಾರದು. ಆಮೇಲೆ ಮಂಡಿ ಹೆಚ್ಚು ಬಗ್ಗಿಸದೆ ಮುಂಗಾಲಿನ ಮೇಲೆ ಪುಟಿಯುವುದು, 15ರಿಂದ 30 ಸೆಂ.ಮೀ. ಎತ್ತರದ ಚಿಕ್ಕ ಹರ್ಡಲ್‌ಗಳು. ಪೆಟ್ಟಿಗೆಯಿಂದ ಇಳಿದು ಹಾರುವುದು ಕೊನೆಗೆ, ಅದೂ 30 ಸೆಂ.ಮೀ.ನಿಂದ ಶುರು. ಹಿಮ್ಮಡಿ ನೆಲಕ್ಕೆ ಬಡಿದರೆ ಅಥವಾ ಹಾರುವ ಎತ್ತರ ಮೊದಲಿಗಿಂತ ಇಳಿದರೆ ಪೆಟ್ಟಿಗೆ ಆ ಹುಡುಗನಿಗೆ ಎತ್ತರವಾಯಿತೆಂದೇ ಅರ್ಥ.

ಎಷ್ಟು ಜಿಗಿತ? ಹೊಸಬರಿಗೆ ಒಂದು ಅವಧಿಗೆ ಪಾದ ನೆಲ ಮುಟ್ಟುವ ಲೆಕ್ಕ 80ರಿಂದ 100, ಪಳಗಿದವರಿಗೆ 120ರಿಂದ 140. ವಾರಕ್ಕೆ ಎರಡು ಸಲ ಸಾಕು, ನಡುವೆ 48ರಿಂದ 72 ಗಂಟೆ ಬಿಡುವು. ಒಂದು ಸೆಟ್‌ಗೆ ಐದಾರು ಜಿಗಿತ, ಸೆಟ್‌ಗಳ ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಮಕ್ಕಳು ಸುಮ್ಮನೆ ನಿಂತಿದ್ದಾರೆಂದು ಈ ವಿಶ್ರಾಂತಿಗೆ ಕತ್ತರಿ ಹಾಕುವವರೇ ಹೆಚ್ಚು. ಉಸಿರು ಕಟ್ಟಿಸುವುದೇ ಗುರಿಯಾದರೆ ಓಡಿಸಲಿ. ವಾಲಿಬಾಲ್ ಅಭ್ಯಾಸದ ಸ್ಮ್ಯಾಶ್, ಬ್ಲಾಕ್ ಜಿಗಿತಗಳನ್ನೂ ಒಟ್ಟು ಹೊರೆಗೆ ಸೇರಿಸಬೇಕು. ಅದನ್ನು ಮರೆತು ಸಂಜೆ ಇನ್ನೊಂದು ನೂರು ಹಾರಿಸಿದಾಗಲೇ ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗುತ್ತದೆ. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಮಂಡಿಯ ಕೆಳಗಿನ ಮೂಳೆಯ ಉಬ್ಬು ನೋಯುತ್ತಿದ್ದರೆ ಅದು ಬೆಳೆಯುವ ಮೂಳೆಯ ತೊಂದರೆಯಿರಬಹುದು. ಸ್ಪ್ರೇ ಹೊಡೆದು ಆಡಿಸದೆ ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ನೆಲ ಹುಲ್ಲಿನದೋ ಹದವಾದ ಮಣ್ಣಿನದೋ ಇರಲಿ, ಕಬಡ್ಡಿ ಮ್ಯಾಟ್ ಆದರೂ ಸರಿ. ದಪ್ಪ ಹಾಸಿಗೆಯೂ ಬೇಡ, ಅದು ಪುಟಿತವನ್ನೇ ನುಂಗುತ್ತದೆ. ಇನ್ನು, ರೇಡರ್‌ಗೂ ಕೊಕ್ಕೊ ಆಟಗಾರ್ತಿಗೂ ಮೇಲಕ್ಕೆ ಹಾರಿದರಷ್ಟೇ ಸಾಲದು. ಅಕ್ಕಪಕ್ಕಕ್ಕೆ, ಮುಂದಕ್ಕೆ, ಒಂಟಿ ಕಾಲಲ್ಲಿ ಹಾರುವ ಅಭ್ಯಾಸವೂ ಬೇಕು.

ಶಾಲಾ ಶಿಕ್ಷಣ ಇಲಾಖೆ ದೈಹಿಕ ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ಅರ್ಧ ದಿನ ಕೊಡಲಿ, ತರಗತಿಯಲ್ಲಲ್ಲ, ಮೈದಾನದಲ್ಲಿ. ಶಿಕ್ಷೆಯಾಗಿ ಕಪ್ಪೆ ಜಿಗಿತ ಮಾಡಿಸಬಾರದೆಂಬ ಸುತ್ತೋಲೆ ಈ ಕ್ರೀಡಾಕೂಟಗಳಿಗೆ ಮುಂಚೆಯೇ ಹೊರಡಲಿ.

– ಕೆಲವು ವಾಲಿಬಾಲ್ ಹಾಗೂ ಕಬಡ್ಡಿ ತರಬೇತುದಾರರು, ಮೈಸೂರು